ಕೆಂಪಿಗೇರಿದ ಮುಳ್ಳು

ಅತ್ತೆ: ಮುಟ್ಟಿ ನೋಡಿ ಅಳಿಯಂದ್ರೇ, ಎಂಜಿನ್ ಇನ್ನೂ ತಣ್ಣಗೆ ಮಲಗಿದೆ. ಇದಕ್ಕೆ ಜ್ವರ ಅಂದವರು ಯಾರು?

ಅಳಿಯ: ನಾನಲ್ಲ ಅತ್ತೆ, ಎಂಜಿನ್ ಬಿಸಿ ತೋರಿಸೋ ಈ ಗೇಜು. ಬರೀ ಕೀ ತಿರುಗಿಸಿದ್ದಕ್ಕೇ ಮುಳ್ಳು ಕೆಂಪು ಗೆರೆ ದಾಟಿದೆ.

ಅತ್ತೆ: ಅದು ಎಷ್ಟೋ ವರ್ಷದಿಂದ ಹಾಗೇ. ಪಾಪ, ತನ್ನ ಪಾಡಿಗೆ ತಾನು ಅಲ್ಲಿ ಕೂತಿರುತ್ತೆ. ಇರಲಿ ಬಿಡಿ.

ಅಳಿಯ: ಇರಲಿ ಬಿಡಿ ಅಂದ್ರೆ ಜನ ಹತ್ತಬೇಕಲ್ಲ?

ಅತ್ತೆ ದಡದ ಕಡೆ ನೋಡಿದರು. ಗಂಡ ತೀರಿಕೊಂಡ ಮೇಲೆ ಹೊಳೆ ದಾಟಿಸುವ ಆ ಬೋಟನ್ನು ಅವರೇ ಓಡಿಸಿಕೊಂಡು ಬಂದಿದ್ದರು. ಹಿಂದಿನ ದಿನ ಮುಂದಿನ ಸೀಟಿನಲ್ಲಿ ಕೂತಿದ್ದ ಟೈಲರಮ್ಮ ಆ ಮುಳ್ಳನ್ನು ನೋಡಿ, ಎಂಜಿನ್ ಇವತ್ತೋ ನಾಳೆಯೋ ಸಿಡಿಯುತ್ತದೆ ಎಂದು ಊರಿಗೆಲ್ಲ ಸಾರಿಬಿಟ್ಟಿದ್ದರು. ಈಗ ಜನ ಕಟ್ಟೆಯ ಮೇಲೆ ನಿಂತು ಬೇರೆ ಬೋಟಿನ ದಾರಿ ಕಾಯುತ್ತಿದ್ದರು. ಮಗಳ ಕಾಟ ತಾಳಲಾರದೆ ಅತ್ತೆ ಅಳಿಯನಿಗೆ ಹೇಳಿಕಳಿಸಿದ್ದರು.

ಅಳಿಯನದು ಗಡಿಯಾರ ರಿಪೇರಿಯ ಅಂಗಡಿ. ಅತ್ತೆಯ ಬಾಯಲ್ಲಿ ಒಮ್ಮೆಯಾದರೂ ಭೇಷ್ ಅನ್ನಿಸಿಕೊಳ್ಳಬೇಕೆಂದು ಮದುವೆಯಾದಾಗಿನಿಂದ ಅವನಿಗೆ ಆಸೆ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ.

ಅತ್ತೆ: ಇಷ್ಟು ಸಣ್ಣದಾ? ಕಿವಿ ಚುಚ್ಚೋಕೆ ಬಂದಿದ್ದೀರಾ?

ಅಳಿಯ: ಗೇಜು ಬಿಚ್ಚಿ ಒಳಗೆ ನೋಡ್ತೀನಿ ಅತ್ತೆ.

ಅತ್ತೆ: ಮುಳ್ಳಿರೋದೆಲ್ಲ ಗಡಿಯಾರ ಅಲ್ಲಪ್ಪಾ. ನೀವು ಬಿಚ್ಚಿ ಹಾಕಿದ ಮೇಲೆ ಅದು ಟೈಮು ತೋರಿಸಿದ್ರೆ ನಾನೇನು ಮಾಡಲಿ?

ಗೇಜಿನ ಒಳಗೆ ಎಲ್ಲವೂ ಸರಿಯಾಗಿಯೇ ಇತ್ತು. ಅಳಿಯನ ಮುಖ ಸಣ್ಣದಾಯಿತು. ಗೇಜನ್ನು ಮೊದಲಿನಂತೆ ಜೋಡಿಸಿ ಬೋರ್ಡಿನ ಹಿಂದಕ್ಕೆ ತಲೆ ತೂರಿಸಿದ. ಅಲ್ಲಿ ಬರೀ ಕತ್ತಲೆ.

ಅಳಿಯ: ಸ್ವಲ್ಪ ಲೈಟ್ ಹಾಕಿ ಅತ್ತೆ.

ಅತ್ತೆ: ಹಾಕಿದೆ. ಅಯ್ಯೋ, ಮುಳ್ಳು ಇನ್ನೂ ಮೇಲಕ್ಕೆ ಹೋಯ್ತಲ್ಲ.

ಅಳಿಯ: ಆರಿಸಿ.

ಅತ್ತೆ: ಸ್ವಲ್ಪ ಇಳೀತು.

ಅಳಿಯ: ಹಾಕಿ. ಆರಿಸಿ. ಇನ್ನೊಂದ್ಸಲ ಹಾಕಿ.

ಅತ್ತೆ: ಏನಳಿಯಂದ್ರೇ, ವಯಸ್ಸಾದವಳ ಕೈಲಿ ಆಟ ಆಡಿಸ್ತಿದ್ದೀರಾ?

ಅಳಿಯ: ಗೊತ್ತಾಯ್ತು. ಅರ್ಥ್ ಇಲ್ಲ ಅತ್ತೆ.

ಅತ್ತೆ: ನನ್ನ ಮಾತಿಗೆ ಅರ್ಥ ಇಲ್ವಾ?

ಅಳಿಯ: ಛೆ ಛೆ, ನಿಮ್ಮ ಮಾತಿಗಲ್ಲ, ಈ ವೈರಿಂಗ್‌ಗೆ. ಅರ್ಥ್ ಅಂದ್ರೆ ಕರೆಂಟು ವಾಪಸ್ ಹೋಗೋ ದಾರಿ.

ಅತ್ತೆ: ಬಂದ ಕರೆಂಟು ವಾಪಸ್ ಯಾಕೆ ಹೋಗಬೇಕು? ಇಲ್ಲೇನು ಕಮ್ಮಿಯಾಗಿದೆ?

ಅಳಿಯ: ಹೋಗಲೇಬೇಕು ಅತ್ತೆ. ಲೈಟಿಗೂ ಗೇಜಿಗೂ ಅದೊಂದೇ ದಾರಿ. ಅದು ಕೆಟ್ಟಿರೋದ್ರಿಂದ ಲೈಟ್ ಹಾಕಿದ ತಕ್ಷಣ ಮುಳ್ಳು ಗಾಬರಿಬೀಳುತ್ತೆ.

ಅತ್ತೆ: ಅಂದ್ರೆ ಮನೇಲಿ ಒಂದೇ ಬಚ್ಚಲು, ಇಬ್ಬರಿಗೂ ಅವಸರ.

ಅಳಿಯ: ಹೆಚ್ಚುಕಮ್ಮಿ ಅದೇ.

ಕಪ್ಪು ವೈರೊಂದು ಬೋಲ್ಟಿನ ಬುಡದಲ್ಲಿ ಹಸಿರು ಕಿಲುಬು ಹಿಡಿದು ಸಡಿಲವಾಗಿ ಜೋತುಬಿದ್ದಿತ್ತು. ಅಳಿಯ ಅದನ್ನು ಹೊಳೆಯುವವರೆಗೂ ಉಜ್ಜಿ ಬಿಗಿದ. ಮುಳ್ಳು ಸರ್ರನೆ ಕೆಳಗಿಳಿದು ಕೂತಿತು. ಎಂಜಿನ್ ಚಾಲೂ ಆದ ಮೇಲೆ ಮೆಲ್ಲಗೆ ಏರಿ ನಡುಮಧ್ಯದಲ್ಲಿ ನಿಂತಿತು. ಕಟ್ಟೆಯಿಂದಲೇ ಟೈಲರಮ್ಮ ಬಗ್ಗಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು, ಹತ್ತಿ ಕೂತರು. ಅವರ ಹಿಂದೆಯೇ ಕಟ್ಟೆ ಖಾಲಿಯಾಯಿತು.

ಅಳಿಯ ಕೈ ಒರೆಸಿಕೊಳ್ಳುತ್ತ ಆ ಭೇಷ್‌ಗಾಗಿ ಕಾದ. ಅತ್ತೆ ಸ್ಟಿಯರಿಂಗ್ ಹಿಡಿದು ಮುಳ್ಳನ್ನೇ ನೋಡುತ್ತಿದ್ದರು.

ಅಳಿಯ: ಹೊರಡಲ್ವಾ ಅತ್ತೆ?

ಅತ್ತೆ: ಹೆದರಿಕೆ ಆಗ್ತಿದೆ. ಮುಳ್ಳು ಅಲ್ಲಾಡ್ತಿದೆ.

ಅಳಿಯ: ಅಲ್ಲಾಡಬೇಕು, ಅದರ ಕೆಲಸವೇ ಅದು.

ಅತ್ತೆ: ಇಷ್ಟು ದಿನ ಅದು ಬಾಯಿ ಮುಚ್ಕೊಂಡಿತ್ತು, ನಾನು ಎಂಜಿನ್ ಸದ್ದು ಕೇಳ್ಕೊಂಡು ಓಡಿಸ್ತಿದ್ದೆ. ಈಗ ಅದೂ ಮಾತಾಡೋಕೆ ಶುರು ಮಾಡಿದೆ. ನಾನು ಅದರ ಮುಖ ನೋಡಲಾ, ನೀರು ನೋಡಲಾ? ಬನ್ನಿ, ಇಲ್ಲಿ ಕೂತ್ಕೊಂಡು ನೀವೇ ನೋಡಿ.

ಅವರು ತೋರಿಸಿದ್ದು ಪಕ್ಕದ ಸ್ಟೂಲನ್ನು. ಮಾವ ಹೋದ ಮೇಲೆ ಅಲ್ಲಿ ಯಾರನ್ನೂ ಅವರು ಕೂರಿಸಿರಲಿಲ್ಲ. ಅಳಿಯ ಕೈಯನ್ನು ಮತ್ತೊಮ್ಮೆ ಒರೆಸಿಕೊಂಡು ಕೂತ. ಅಷ್ಟರಲ್ಲಿ ಯಾರೋ ಹಗ್ಗ ಬಿಚ್ಚಿದರು. ಕಟ್ಟೆ ಹಿಂದೆ ಸರಿಯಿತು. ಅವನು ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಅಳಿಯ: ಅತ್ತೆ, ನನಗೆ ಈಜು ಬರಲ್ಲ.

ಅತ್ತೆ: ಗೇಜಿಗೂ ಬರಲ್ಲ ಅಳಿಯಂದ್ರೇ. ಇಷ್ಟು ವರ್ಷ ನನ್ನ ಜೊತೆ ಬಂದಿಲ್ವಾ?