ರಿಪೇರಿಯಾಗದ ಕೋಶಗಳನ್ನು ಎಡಗೆನ್ನೆಯ ಗೇಟಿನಿಂದ ಬಿಡುತ್ತಿರುವ ಬಗ್ಗೆ

ಕೋಶ ವಿಭಜನಾ ನಿಯಂತ್ರಣ ಇಲಾಖೆ
ಎಡಗೆನ್ನೆ ಉಪವಿಭಾಗ, ಶ್ರೀ ಜಟ್ಟಪ್ಪನವರ ಬಾಯಿ, ನ್ಯೂ ಟೌನ್, ಭದ್ರಾವತಿ

ಸಂಖ್ಯೆ: ಕೋವಿನಿ/ಎಗೆ/53/2000-01
ದಿನಾಂಕ: 12-2-2001

ವಿಷಯ: ಡಿಎನ್‌ಎ ಎಳೆ ಕಡಿದಿರುವ ಕೋಶಗಳಿಗೆ ರಿಪೇರಿಗೆ ಮುಂಚೆಯೇ ಗೇಟ್ ಪಾಸ್ ನೀಡುತ್ತಿರುವ ಕುರಿತು.

ಉಲ್ಲೇಖ: 1) ಎಳೆ ತಪಾಸಕರಾದ ಎಟಿಎಂ ಪ್ರೋಟೀನಿನ ದೂರು ಮತ್ತು ಒಂಬತ್ತು ಜ್ಞಾಪನಗಳು.
2) ಈ ಬಾಯಿಯ ಮಾಲೀಕರ ಪತ್ನಿ ಶ್ರೀಮತಿ ಶಕುಂತಲಮ್ಮನವರ ಮೌಖಿಕ ಆಕ್ಷೇಪಣೆ.

ಉಕ್ಕಿನ ಕಾರ್ಖಾನೆಯ ಕುಲುಮೆ ಕೆಲಸದ ಶ್ರೀ ಜಟ್ಟಪ್ಪನವರು ಪಾಳಿಯ ಸೈರನ್ ಕೂಗಿದೊಡನೆ ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ಎಡಗೆನ್ನೆಗೆ ಇಟ್ಟು, ಮುಂದಿನ ಸೈರನ್‌ಗೆ ಉಗಿಯುವುದು ಇಪ್ಪತ್ತೆರಡು ವರ್ಷಗಳ ರೂಢಿ. ಇದರಿಂದ ಈ ಉಪವಿಭಾಗದಲ್ಲಿ ಎಳೆಗಳು ದಿನವೂ ಕಡಿದುಹೋಗುತ್ತಿವೆ. ಎಳೆ ಕಡಿದ ಕೋಶವನ್ನು ಎರಡಾಗುವ ಮುನ್ನ ತಡೆದು ನಿಲ್ಲಿಸುವುದು ಗೇಟ್ ಅಧಿಕಾರಿ ಪಿ-53 ಪ್ರೋಟೀನಿನ ಕರ್ತವ್ಯ. ಆದರೆ ಪಾಳಿಯ ಆರಂಭದಲ್ಲೇ ಪಾಸಿನ ಕಟ್ಟಿಗೆಲ್ಲ ‘ರಿಪೇರಿ ಆಗಿದೆ’ ಎಂಬ ಮೊಹರು ಒತ್ತಿಟ್ಟು ಗೋಡೆಗೆ ಒರಗುವ ಪದ್ಧತಿ ಬೆಳೆದಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಆದುದರಿಂದ ಕೆಳಕಂಡಂತೆ ಆದೇಶಿಸಲಾಗಿದೆ.

1. ಮುಂಗಡ ಮೊಹರು ನಿಷೇಧಿಸಲಾಗಿದೆ. ಒರಗುವ ಗೋಡೆಯನ್ನೂ ವಾಪಸು ಪಡೆಯಲಾಗಿದೆ.

2. ಕೋಶ ಸಂಖ್ಯೆ 4417, “ಒಂದ್ಸಲ ಬಿಡು ಮಾರಾಯ, ಎರಡಾಗಿ ಬಂದ್ಬಿಡ್ತೀನಿ, ಆಮೇಲೆ ಇಬ್ರೂ ರಿಪೇರಿ ಮಾಡಿಸ್ಕೋತೀವಿ” ಎಂದು ಕೋರಿದ್ದು, ಬಿಡಲಾಗಿದೆ. ಇಬ್ಬರೂ ಬಂದಿಲ್ಲ. ಈಗಿನ ಎಣಿಕೆಯಂತೆ ಅವರು ಎರಡು ಕೋಟಿ. ಇನ್ನು ಮುಂದೆ ಮಾರಾಯ ಎಂದು ಕರೆದ ಕಾರಣಕ್ಕೆ ಯಾರನ್ನೂ ಬಿಡತಕ್ಕದ್ದಲ್ಲ.

3. ರಿಪೇರಿ ತಂಡದವರು ಸಿಕ್ಕ ತುದಿಗೆ ಸಿಕ್ಕ ತುದಿ ಗಂಟು ಹಾಕಿ, ‘ಹೆಂಗೋ ನಡೆಯುತ್ತೆ’ ಎಂದು ಷರಾ ಬರೆಯುವಂತಿಲ್ಲ.

4. ರಿಪೇರಿ ಸಾಧ್ಯವಿಲ್ಲದ ಕೋಶಗಳು ಸ್ವಯಂ ನಿವೃತ್ತಿ ಪಡೆಯತಕ್ಕದ್ದು. ಸ್ವಯಂ ನಿವೃತ್ತಿ ಎಂದರೆ ಸಾಯುವುದು ಎಂದು ಸ್ಪಷ್ಟಪಡಿಸಲಾಗಿದೆ. ಹಾರ, ಶಾಲು ಇರುವುದಿಲ್ಲ. ನಿವೃತ್ತಿ ತಿರಸ್ಕರಿಸಿ, ಸಂಘ ಕಟ್ಟಿ, ಬಿಳಿ ಮಚ್ಚೆಯಾಗಿ ಒಂದೇ ಕಡೆ ಧರಣಿ ಕೂತಿರುವ 4417ರ ಸಂತತಿಯವರು ಕೂಡಲೇ ಚದುರತಕ್ಕದ್ದು. ಚದುರುವಾಗ ಕುತ್ತಿಗೆಯ ಕಡೆ ಹೋಗತಕ್ಕದ್ದಲ್ಲ.

5. 4417ರ ಗೇಟ್ ಅಧಿಕಾರಿಯನ್ನು ವಿಚಾರಿಸಲಾಗಿ, ಅವರನ್ನು ತಯಾರಿಸುವ ನಕ್ಷೆಯ ಎಳೆಯೇ ಹೊಗೆಸೊಪ್ಪಿನಿಂದ ಕೆಟ್ಟಿರುವುದು ಕಂಡುಬಂದಿದೆ. ಹಾಗೆ ಕೆಟ್ಟವರನ್ನು ತಡೆಯಬೇಕಾದವರು ಅವರೇ ಆಗಿದ್ದರಿಂದ, ತಡೆದಿಲ್ಲ.

6. ಶಕುಂತಲಮ್ಮನವರು, “ರೀ, ಕೆನ್ನೆ ಒಳಗೆ ಅದೇನು ಬೆಳ್ಳಗೆ?” ಎಂದು ಕೇಳಲಾಗಿ, ಮಾಲೀಕರು “ಸುಣ್ಣ ಮಾರಾಯ್ತಿ, ಮುಕ್ಕಳಿಸಿದ್ರೆ ಹೋಗುತ್ತೆ” ಎಂದು ಉತ್ತರಿಸಿ ಕಡತ ಮುಚ್ಚಿದ್ದಾರೆ. ಕಡತವನ್ನು ಮತ್ತೆ ತೆರೆಯಲಾಗಿದೆ.

7. ಕ್ಯಾನ್ಸರ್ ಎಂಬ ಪದವನ್ನು ಈ ಕಚೇರಿಯಲ್ಲಿ ಇದುವರೆಗೆ ಬಳಸಿಲ್ಲ. ಮೇಲಿನ ಅಂಶಗಳು ಪಾಲನೆಯಾಗದಿದ್ದಲ್ಲಿ ಬಳಸಲಾಗುವುದು.

ಸಹಿ/-
ಅಧೀಕ್ಷಕರು
(ಎಳೆ ಸದ್ಯಕ್ಕೆ ಸರಿಯಿದೆ)

ಪ್ರತಿಗಳು:
ಅ) ನಾಲಿಗೆಗೆ: ‘ಸುಣ್ಣ’ ಎಂದು ಹೇಳಿಕೆ ಕೊಟ್ಟಿದ್ದಕ್ಕೆ ಸಮಜಾಯಿಷಿ ನೀಡಲು.
ಆ) ಬಲಗೆನ್ನೆ ಉಪವಿಭಾಗಕ್ಕೆ: ಹಿಗ್ಗುವ ಅಗತ್ಯವಿಲ್ಲ. ಹೊಗೆಸೊಪ್ಪಿನ ಜಾಗ ಬದಲಿಸುವ ಆಲೋಚನೆ ಮಾಲೀಕರಿಗಿದೆ.
ಇ) ಮಾಲೀಕರಿಗೆ: ನೋವಿನ ಮೂಲಕ ಕಳುಹಿಸಬೇಕಾಗಿದ್ದು, ಈ ಹಂತದಲ್ಲಿ ನೋವು ಮಂಜೂರಾಗದ ಕಾರಣ ಕಳುಹಿಸಿಲ್ಲ.
ಈ) ಶ್ರೀಮತಿ ಶಕುಂತಲಮ್ಮನವರಿಗೆ: ಬಿಳಿ ಮಚ್ಚೆಯ ರೂಪದಲ್ಲಿ. ಸೆರಗಿನ ತುದಿಯಿಂದ ಒರೆಸಿ ನೋಡುವುದು. ಸುಣ್ಣವಾದರೆ ಹೋಗುತ್ತದೆ. ಹೋಗದಿದ್ದಲ್ಲಿ ನಮ್ಮ ಪತ್ರ ತಲುಪಿದೆ ಎಂದು ಭಾವಿಸಿ, ಮಾಲೀಕರನ್ನು ಅಂದೇ ಶಿವಮೊಗ್ಗದ ಡಾಕ್ಟರ ಬಳಿಗೆ ಬಸ್ಸು ಹತ್ತಿಸುವುದು. ಪಾಳಿ ಇದೆ ಎಂದರೆ ಕೇಳತಕ್ಕದ್ದಲ್ಲ.