ನಾನು ತಡೆದ ಒಂದೇ ಒಂದು ಗೋಲು

ಯಾರಾದರೂ ಏನಾದರೂ ಕೇಳಿದರೆ ಮೊದಲು ‘ಹೌದು’ ಎಂದುಬಿಟ್ಟು, ಕೇಳಿದ್ದು ಏನೆಂದು ಆಮೇಲೆ ಯೋಚಿಸುವ ಜನರಿದ್ದಾರೆ. ನಾನು ಆ ಪೈಕಿ. ಆಫೀಸಿನ ಮೀಟಿಂಗುಗಳಲ್ಲಿ ಈ ಗುಣದಿಂದ ನನಗೆ ಒಳ್ಳೆಯದೇ ಆಗಿದೆ. ಎಡವಟ್ಟಾದದ್ದು ಮಂಜುಗಡ್ಡೆಯ ಮೇಲೆ.

ನ್ಯೂಜೆರ್ಸಿಯ ಮನ್ರೋದಲ್ಲಿ ನಮ್ಮ ಬಡಾವಣೆಯ ಹಿಂದೆ ಒಂದು ಕೊಳವಿದೆ. ಬೇಸಿಗೆಯಲ್ಲಿ ಬಾತುಕೋಳಿಗಳನ್ನು ಬಿಟ್ಟರೆ ಯಾರೂ ಅದರತ್ತ ತಿರುಗಿ ನೋಡುವುದಿಲ್ಲ. ಜನವರಿಯಲ್ಲಿ ಅದು ಗಟ್ಟಿಯಾಗಿ ಹೆಪ್ಪುಗಟ್ಟಿತೆಂದರೆ ಇಪ್ಪತ್ತು ಮನೆಗಳ ಸಂಸಾರ ಅಲ್ಲಿಗೇ ವರ್ಗವಾಗುತ್ತದೆ. ದೊಡ್ಡವರು ಹಿಮ ಗೋರುತ್ತಾರೆ, ಫ್ಲಾಸ್ಕುಗಳಲ್ಲಿ ಬಿಸಿ ಚಾಕೊಲೇಟ್ ತರುತ್ತಾರೆ. ಮಕ್ಕಳು ತಂಡ ಕಟ್ಟಿಕೊಂಡು, ಸ್ಕೇಟ್ಸ್ ಮೇಲೆ ಜಾರುತ್ತ ಐಸ್ ಹಾಕಿ ಆಟ ಆಡುತ್ತಾರೆ. ನನ್ನ ಹತ್ತು ವರ್ಷದ ಮಗಳು ಅನಘಾ ಕೂಡ ಆ ತಂಡದಲ್ಲಿದ್ದಾಳೆ. ನನ್ನ ಪಾಲಿಗೆ ಬಂದದ್ದು ಅವಳ ಸ್ಕೇಟ್ಸಿನ ಲೇಸು ಕಟ್ಟುವ ಕೆಲಸ. ಕೈಗವಸು ಹಾಕಿಕೊಂಡರೆ ಗಂಟು ಬೀಳುವುದಿಲ್ಲ, ತೆಗೆದರೆ ಬೆರಳು ಇದೆಯೋ ಬಿದ್ದುಹೋಯಿತೋ ತಿಳಿಯುವುದಿಲ್ಲ. ಹಾಸನದ ಚಳಿಗೆ ಹೆದರಿ ಅಮ್ಮ ನನ್ನ ಕಿವಿಗೆ ಮಫ್ಲರ್ ಸುತ್ತಿ ಶಾಲೆಗೆ ಕಳಿಸುತ್ತಿದ್ದುದು ನೆನಪಾಗಿ ಒಬ್ಬನೇ ನಗುತ್ತೇನೆ.

ಕೋಚ್ ಡೇವ್ ಪಕ್ಕದ ಬೀದಿಯವರು, ನಿವೃತ್ತ ಪ್ಲಂಬರ್. ಮೊದಲ ದಿನವೇ, ನೀವೂ ಹಾಕಿ ಆಡಿದ್ದೀರಾ ಎಂದು ಕೇಳಿದರು. ಹೌದು ಎಂದೆ. ಸುಳ್ಳೇನಲ್ಲ. ಹೈಸ್ಕೂಲಿನಲ್ಲಿ ಆಡಿದ್ದೆ, ಮಣ್ಣಿನ ಮೈದಾನದಲ್ಲಿ, ಕ್ಯಾನ್ವಾಸ್ ಶೂ ಹಾಕಿಕೊಂಡು. ಆ ವಿವರ ಹೇಳುವಷ್ಟರಲ್ಲಿ ಅವರು ಮುಂದೆ ಹೋಗಿದ್ದರು.

ಫೆಬ್ರವರಿಯಲ್ಲಿ, ಐಸ್ ತೆಳುವಾಗುವ ಮೊದಲು, ಹೆತ್ತವರಿಗೂ ಮಕ್ಕಳಿಗೂ ಒಂದು ಪಂದ್ಯ ನಿಗದಿಯಾಯಿತು. ನಮ್ಮ ಕಡೆ ಗೋಲ್‌ಕೀಪರ್ ನಾನಂತೆ.

“ರೀ, ಬಾತ್‌ರೂಮಿನ ಒದ್ದೆ ನೆಲದ ಮೇಲೇ ನಿಮಗೆ ನಿಲ್ಲೋಕೆ ಬರಲ್ಲ. ಆಗಲ್ಲ ಅಂತ ಹೇಳಿ,” ಎಂದಳು ಹೆಂಡತಿ ಸುಧಾ.

“ಗೋಲಲ್ಲಿ ಓಡಾಡೋ ಹಾಗಿಲ್ಲ. ಸುಮ್ನೆ ನಿಂತ್ಕೊಳ್ಳೋದು ತಾನೆ,” ಎಂದೆ.

ನನ್ನ ಚಿಂತೆಯೇ ಬೇರೆ. ಇಡೀ ಚಳಿಗಾಲ ಅನಘಾ ಒಂದು ಗೋಲೂ ಹೊಡೆದಿರಲಿಲ್ಲ. ತಂಡದಲ್ಲಿ ಹಾಗೆ ಉಳಿದವಳು ಅವಳೊಬ್ಬಳೇ. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ. ಶಾಲೆಯಿಂದ ಬಂದೊಡನೆ ಗರಾಜಿನ ಗೋಡೆಗೆ ಅವಳು ಚೆಂಡು ಹೊಡೆಯುವ ಸದ್ದು ಮಾತ್ರ ಕೇಳುತ್ತಿತ್ತು.

ಪಂದ್ಯದ ದಿನ ಹಾಸಿಗೆ ಸುತ್ತಿದಂತೆ ಪ್ಯಾಡು ಕಟ್ಟಿಕೊಂಡು, ಗೋಲಿನ ಕಂಬವನ್ನು ತಬ್ಬಿಕೊಂಡು ನಿಂತೆ. ಮಕ್ಕಳು ನುಗ್ಗಿ ಬಂದಾಗ ನಾನು ಹಿಂದಕ್ಕೆ ಜಾರಿದೆ. ಐಸ್ ಮೇಲೆ ಸುಮ್ಮನೆ ಇಟ್ಟಿದ್ದ ಗೋಲಿನ ಚೌಕಟ್ಟೂ ನನ್ನ ಜೊತೆ ಜಾರಿತು. ಪಕ್ ಎಂಬ ಆ ಕರಿ ರಬ್ಬರ್ ಬಿಲ್ಲೆ ಬರುವ ಹೊತ್ತಿಗೆ ಅಲ್ಲಿ ಗೋಲೇ ಇರಲಿಲ್ಲ. ಇಬ್ಬರು ಅಪ್ಪಂದಿರು ನಮ್ಮಿಬ್ಬರನ್ನೂ ತಳ್ಳಿಕೊಂಡು ಬಂದು ಸ್ವಸ್ಥಾನದಲ್ಲಿ ಪ್ರತಿಷ್ಠಾಪಿಸಿದರು. ಆಮೇಲೆ ಆರು ಗೋಲುಗಳಾದವಂತೆ. ಒಂದನ್ನೂ ನಾನು ನೋಡಲಿಲ್ಲ.

ಕೊನೆಯ ನಿಮಿಷದಲ್ಲಿ ಪಕ್ ಅನಘಾಳ ಕೋಲಿಗೆ ಸಿಕ್ಕಿತು. ಎದುರಿಗೆ ನಾನೊಬ್ಬನೇ. ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯೋಣವೆಂದು ಕಂಬವನ್ನು ಬಿಟ್ಟೆ. ಕಾಲುಗಳು ಒಂದೊಂದು ದಿಕ್ಕಿಗೆ ಹೋದವು. ನಾನು ಗೋಲಿನ ಉದ್ದಕ್ಕೂ ಅಡ್ಡ ಬಿದ್ದೆ, ಹೊಟ್ಟೆಗೆ ಏನೋ ಧಪ್ಪೆಂದು ಬಡಿಯಿತು. ದಡದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಡೇವ್ ಮಾತ್ರ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ನನ್ನ ಆಟಕ್ಕೆ ಬೆರಗಾದರೆಂದುಕೊಂಡೆ.

ಮನೆಗೆ ನಡೆಯುವಾಗ ಅನಘಾ ಕೋಲನ್ನು ಹಿಮದಲ್ಲಿ ಎಳೆದುಕೊಂಡು ಬಂದಳು.

“ನಾನು ತಡೀಲಿಲ್ಲ ಪುಟ್ಟಿ, ಬಿದ್ದೆ ಅಷ್ಟೆ,” ಎಂದೆ. “ನಿಜ ಹೇಳ್ಬೇಕಂದ್ರೆ ನಂಗೆ ಐಸ್ ಹಾಕಿ ಬರೋದೇ ಇಲ್ಲ.”

“ಐ ನೋ, ಅಪ್ಪ.” ಸದಾ ಇಂಗ್ಲಿಷಿನಲ್ಲಿ ಉತ್ತರಿಸುವ ಮಗಳಿಗೆ ಕೋಪ ಬಂದರೆ ಕನ್ನಡ ಬರುತ್ತದೆ. “ಎಲ್ಲರಿಗೂ ಗೊತ್ತು. ಗೋಲಲ್ಲಿ ಯಾರು ನಿಂತ್ರೆ ನಿಂಗೆ ಗೋಲ್ ಹೊಡಿಯೋಕೆ ಈಸಿ ಅಂತ ಕೋಚ್ ನನ್ನ ಕೇಳಿದ್ರು. ನಾನೇ ನಿನ್ನ ಹೆಸರು ಹೇಳಿದ್ದು.”

ನಾಲ್ಕು ಹೆಜ್ಜೆ ಹೋದ ಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಬಗ್ಗಿ ನೋಡಿದರೆ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ನಾನು ಬಿದ್ದ ಭಂಗಿ ನೆನಪಾಯಿತಂತೆ. ಮನೆ ಸೇರುವವರೆಗೂ ನನ್ನ ಕೈ ಹಿಡಿದುಕೊಂಡೇ ನಡೆದಳು.

ಮುಂದಿನ ಚಳಿಗಾಲಕ್ಕೆ ಕೋಚೂ ಮಗಳೂ ಸೇರಿ ಸುಧಾಳನ್ನು ಗೋಲಿಗೆ ಆರಿಸಿದ್ದಾರೆ. ನನ್ನನ್ನು ಏಕೆ ಕೈಬಿಟ್ಟಿರಿ ಎಂದು ಕೇಳಿದೆ. ನಾನು ಆ ಕೆಲಸಕ್ಕೆ ತೀರಾ ಗಟ್ಟಿಗನಂತೆ.