ವಿಮಾನದ ಮುಸುರೆಯೂ ಅತ್ತೆಯ ಮೂಗೂ

ನಮ್ಮ ಅತ್ತೆಯನ್ನು ಯಾರಾದರೂ ಒಂದು ವರ್ಷ ಇಟ್ಟುಕೊಳ್ಳುವುದಾದರೆ ಹೇಳಿ, ಇವತ್ತೇ ರೈಲು ಹತ್ತಿಸುತ್ತೇನೆ. ನೀರು ಪರೀಕ್ಷಿಸುವ ಪ್ರಯೋಗಾಲಯವೊಂದು ಪುಕ್ಕಟೆಯಾಗಿ ಮನೆಗೆ ಬಂದಂತೆ! ನನ್ನ ಗಂಡನಿಗೆ ಮಾತ್ರ ಈ ಮಾತು ಹೇಳಬೇಡಿ. ಅವನು ಅವರ ಮಗ.

ಅತ್ತೆ ನೀರನ್ನು ಮೊದಲು ಮೂಸುತ್ತಾರೆ, ಆಮೇಲೆ ಕುಡಿಯುತ್ತಾರೆ. ಮಾವನ ರೈಲ್ವೆ ನೌಕರಿಯಿಂದಾಗಿ ಗದಗಿನಿಂದ ವಡೋದರಕ್ಕೆ ಹೋಗಿ, ಮೂವತ್ತು ವರ್ಷ ಕ್ವಾರ್ಟರ್ಸಿನ ನಲ್ಲಿಯ ಜೊತೆ ಜಗಳವಾಡಿ ಗಳಿಸಿದ ವಿದ್ಯೆ ಅದು. ಮಾವ ತೀರಿಕೊಂಡ ಮೇಲೆ ವಸ್ತ್ರಾಪುರದ ನಮ್ಮ ಫ್ಲಾಟಿಗೆ ಬಂದರು. ಮೊದಲ ವಾರವೇ ಮೇಲಿನ ಮನೆಯ ಹಂಸಾಬೆನ್ ಕೊಟ್ಟ ನೀರನ್ನು ಮೂಸಿ, "ಬೆನ್, ಟಾಂಕೀ ಮೇ ಕಬೂತರ್ ಛೆ" ಎಂದರು. ಮುಚ್ಚಳ ತೆಗೆದು ನೋಡಿದರೆ ನಿಜಕ್ಕೂ ಪಾರಿವಾಳ! ಅಂದಿನಿಂದ ನಮ್ಮ ವಸತಿ ಸೊಸೈಟಿಯ ಹೆಂಗಸರೆಲ್ಲ ಲೋಟ ಹಿಡಿದು ನಮ್ಮ ಬಾಗಿಲಿಗೆ ಬರತೊಡಗಿದರು. ಆ ಬಾಗಿಲ ಮೇಲೆ ನನ್ನ ಹೆಸರಿನ ಹಿತ್ತಾಳೆ ಫಲಕವಿದೆ. ಹೆಸರಿನ ಮುಂದೆ 'ಎಂ.ಟೆಕ್., ಪರಿಸರ ಎಂಜಿನಿಯರಿಂಗ್' ಎಂದಿದೆ. ಒಬ್ಬರಾದರೂ ನನ್ನನ್ನು ಕೇಳಬಾರದೇ?

ಹೊಟ್ಟೆಕಿಚ್ಚೇ ಎಂದಿರಾ? ಹೌದು, ಹೊಟ್ಟೆಕಿಚ್ಚೇ! ಅಪ್ಪ ಮಂಡಿಯಲ್ಲಿ ಮೂಟೆ ಹೊತ್ತವನು, ಅವ್ವ ಹೆಬ್ಬೆಟ್ಟು ಒತ್ತಿದವಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಪ್ರಾಣಿ ನಾನು. ಗ್ಯಾಸ್ ಸಿಲಿಂಡರಿನ ರಸೀದಿಗೂ ಎಂ.ಟೆಕ್. ಸೇರಿಸಿಯೇ ಸಹಿ ಹಾಕುತ್ತೇನೆ. ಕಷ್ಟಪಟ್ಟು ಗಳಿಸಿದ್ದನ್ನು ಯಾಕೆ ಬಚ್ಚಿಡಲಿ?

ಅತ್ತೆಯ ಇನ್ನೊಂದು ಚಟ ಗಟಾರ ನೋಡುವುದು. ಜನ ಕೆರೆಯ ದಂಡೆಗೆ ಗಾಳಿ ಸೇವಿಸಲು ಬಂದರೆ, ಇವರು ಪಕ್ಕದ ಚರಂಡಿಗೆ ಬಗ್ಗಿ ನಿಲ್ಲುತ್ತಾರೆ. ಒಂದು ಸಂಜೆ, ನಾನು ದುಡಿಯುವ ನೀರು ಶುದ್ಧೀಕರಣ ಕಂಪನಿಯ ಮ್ಯಾನೇಜರು ಹೆಂಡತಿಯೊಡನೆ ಎದುರಾದರು. "ಮಾಸೀ, ಏನಾದರೂ ಬಿತ್ತೇ?" ಎಂದು ಹಿಂದಿಯಲ್ಲಿ ಕೇಳಿದರು. ಅತ್ತೆ ತಲೆ ಎತ್ತದೆ, "ನಹೀ ಸಾಹೇಬ್, ಉಗಾ ಹೈ!" ಎಂದರು. ಏನೂ ಬಿದ್ದಿರಲಿಲ್ಲ, ಏನೋ ಬೆಳೆದಿತ್ತು. ನನ್ನ ಮಾನವೊಂದು ಬಿತ್ತು, ಅಷ್ಟೇ.

ಇಷ್ಟರಲ್ಲಿ ನಮ್ಮ ಆಫೀಸಿಗೆ ಹಿಮ ಬೀಳುವ ದೇಶದ ವಿಮಾನ ನಿಲ್ದಾಣದ ಕೆಲಸ ಬಂತು. ಅಲ್ಲಿ ಚಳಿಗಾಲದಲ್ಲಿ ವಿಮಾನದ ರೆಕ್ಕೆಗೆ ಮಂಜುಗಡ್ಡೆ ಕಟ್ಟುತ್ತದೆ. ಕರಗಿಸಲು ಗ್ಲೈಕಾಲ್ ಎಂಬ ದ್ರವ ಸುರಿಯುತ್ತಾರೆ. ಅದು ಹರಿದು ಹಳ್ಳ ಸೇರಿದರೆ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಪ್ರಾಣವಾಯುವನ್ನೂ ಮುಗಿಸಿಬಿಡುತ್ತವೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಹಾಗಾಗಿ ಜಲ್ಲಿ ತುಂಬಿದ ಹೊಂಡದಲ್ಲಿ ಜೊಂಡು ಬೆಳೆಸಿ, ಆ ನೀರನ್ನು ಅದರ ಮೂಲಕ ನಿಧಾನವಾಗಿ ಹಾಯಿಸಿ, ಅಲ್ಲೇ ಆ ಜೀವಿಗಳಿಗೆ ಉಣ್ಣಿಸಿಬಿಡಬೇಕು. "ಮಾದರಿ ಮಾಡಿ ತೋರಿಸುತ್ತೇನೆ" ಎಂದು ನಾನು ಎದೆ ತಟ್ಟಿದೆ. ಆರು ವಾರದಲ್ಲಿ ನೀರು ತಿಳಿಯಾದರೆ ಆ ಕೆಲಸದ ಮುಖ್ಯಸ್ಥೆ ನಾನು. ಆಗದಿದ್ದರೆ, ಅಪ್ಪ ಅಜ್ಜ ಇಬ್ಬರೂ ಎಂಜಿನಿಯರಾಗಿದ್ದ ನನ್ನ ಸಹೋದ್ಯೋಗಿ. ಹಿಮ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ; ನಾನು ಕಂಡದ್ದು ಗೋಲಾ ಗಾಡಿಯವನು ತುರಿದು ಬಣ್ಣ ಹಾಕಿ ಕೊಡುವ ಐಸು ಮಾತ್ರ!

ನಮ್ಮ ಕಟ್ಟಡದ ತಾರಸಿಯ ಮೇಲೆ ಮೂರು ನೀಲಿ ಡ್ರಮ್ಮು, ಜಲ್ಲಿ, ಜೊಂಡು, ಗ್ಲೈಕಾಲ್ ಬೆರೆಸಿದ ನೀರು ಎಲ್ಲ ಸಜ್ಜಾಯಿತು. ಇದು ವಿಮಾನದ ಕೆಲಸವೆಂದು ಕೇಳಿದ್ದ ಅತ್ತೆ ಬಂದು ನಿಂತರು.

"ವಿಮಾನಕ್ಕೂ ನೆಗಡಿ ಆಗತೈತೇನ ನಮ್ಮವ್ವಾ?"

"ನೆಗಡಿ ಅಲ್ರೀ ಅತ್ತೀ, ಹಿಮ. ಅದನ್ನ ತೊಳದ ನೀರು ಇದು."

"ಅಂದ್ರ ವಿಮಾನದ ಮುಸುರಿ ಅನ್ನು!"

ನಾನು ಹನ್ನೆರಡು ಪುಟ ಬರೆದದ್ದನ್ನು ಎರಡು ಮಾತಿನಲ್ಲಿ ಮುಗಿಸಿದರು. ಕಿಚ್ಚಾಗದೆ ಇರುತ್ತದೆಯೇ?

ಎರಡು ವಾರಕ್ಕೆ ಜೊಂಡು ಹಳದಿಯಾಯಿತು. ನೀರು ನಾರತೊಡಗಿತು. ಪ್ರಾಣವಾಯು ಅಳೆಯುವ ಮೀಟರು ಸೊನ್ನೆಯ ಹತ್ತಿರ ಕೂತು ಏಳಲೊಲ್ಲದು. ನಾನು ಡ್ರಮ್ಮಿನ ಪಕ್ಕದಲ್ಲಿ ತಲೆ ಹಿಡಿದು ಕೂತಿದ್ದೆ.

"ಹೆಪ್ಪ ಏನ ಹಾಕೀದಿ?" ಎಂದರು ಅತ್ತೆ.

"ಸೂಕ್ಷ್ಮಜೀವಿ ಪುಡಿ ತರಿಸಿ ಹಾಕೀನ್ರೀ. ಕಂಪನೀದು."

"ಪುಡೀಲೆ ಮೊಸರ ಆಗತೈತೇನ? ಇದನ್ನ ತಿಂದು ರೂಢಿ ಇದ್ದದ್ದು ಬೇಕವಾ."

ಮರುದಿನ ಬೆಳಿಗ್ಗೆ ಅತ್ತೆಯೂ ಇಲ್ಲ, ಬಚ್ಚಲಿನ ಬಕೆಟ್ಟೂ ಇಲ್ಲ. ಹತ್ತು ಗಂಟೆಗೆ ಆಟೋದಿಂದ ಇಳಿದರು. ಚಾಲಕ ಮೂಗು ಹಿಡಿದಿದ್ದ. ಬಕೆಟ್ಟಿನ ತುಂಬ ಕರಿ ಕೆಸರು!

"ರೇಡಿಯೇಟರ್ ರಿಪೇರಿ ಅಂಗಡಿ ಹಿಂದಿನ ಗಟಾರದ್ದು. ಅವರು ದಿನಾ ಗಾಡಿಯ ಹಸರ ನೀರ ಚೆಲ್ಲತಾರ. ಅಲ್ಲಿ ಜೊಂಡು ಆಳೆತ್ತರ ಬೆಳದೈತಿ. ಎಂದೋ ನೋಡಿಟ್ಟಿದ್ದೆ."

ನಗಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ರೇಡಿಯೇಟರಿಗೆ ಹಾಕುವ ಹಸಿರು ನೀರಿನಲ್ಲಿರುವುದೂ ಗ್ಲೈಕಾಲೇ! ಆ ಕೆಸರಿನ ಜೀವಿಗಳು ವರ್ಷಗಟ್ಟಲೆ ಅದನ್ನೇ ಉಂಡು ಬೆಳೆದಿವೆ. ಎಂ.ಟೆಕ್.ಗೆ ಇದು ಯಾಕೆ ಹೊಳೆಯಲಿಲ್ಲ? ಎಂ.ಟೆಕ್. ಗಟಾರಕ್ಕೆ ಬಗ್ಗುವುದಿಲ್ಲವಲ್ಲ!

ಡ್ರಮ್ಮುಗಳ ನೀರು ಬದಲಿಸಿ ಕೆಸರು ಬೆರೆಸಿದೆವು. ಉಣ್ಣಿಸುವ ಕ್ರಮವನ್ನೂ ಅವರೇ ಬದಲಿಸಿದರು. "ಬಾಣಂತಿಗೆ ಮೊದಲನೇ ದಿನಾನ ಹೋಳಿಗಿ ಹಾಕತಾರೇನ? ಗಂಜಿ ಕೊಡು, ಆಮ್ಯಾಲ ಅನ್ನ." ಮೊದಲ ದಿನ ಒಂದು ಸೌಟು ಗ್ಲೈಕಾಲ್, ಆಮೇಲೆ ಎರಡು, ಹೀಗೆ. ಐದನೇ ವಾರಕ್ಕೆ ಹೊಸ ಚಿಗುರು ಬಂತು, ವಾಸನೆ ಹೋಯಿತು, ಮೀಟರು ಏರಿತು.

ಮ್ಯಾನೇಜರು ಬಂದು ನೋಡಿದರು. "ಈ ಕೆಸರಿನ ಉಪಾಯ ಯಾರದ್ದು?" ಎಂದರು. ಅತ್ತೆ ಚಹಾದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ನಾನು... ಸುಮ್ಮನೆ ನಕ್ಕೆ. ಆ ನಗುವನ್ನೇ ಉತ್ತರವೆಂದುಕೊಂಡು ಅವರು ನನ್ನ ಕೈ ಕುಲುಕಿದರು. ಕೆಲಸ ನನ್ನದಾಯಿತು. ಅವರು ಇಳಿದು ಹೋಗುವ ಮೊದಲೇ ಅತ್ತೆ ಮೆಟ್ಟಿಲ ಬಳಿ ಹಂಸಾಬೆನ್‌ಗೆ, "ಮೇರೀ ಬಹೂ ನೇ ಕಿಯಾ!" ಎಂದು, ಎಲ್ಲ ತಮ್ಮ ಸೊಸೆಯೇ ಮಾಡಿದಳೆಂದು ಸಾರುವುದು ಕೇಳಿಸಿತು.

ಸಂಜೆ ನಾನು ಮೀಟರು, ದಾಖಲೆ ಪುಸ್ತಕ ಹಿಡಿದು ಅಳತೆಗೆ ಕೂತೆ. ದಿನಾಂಕ, ಅಳತೆ, ಅಳೆದವರು ಎಂದು ಮೂರು ಮನೆ. ಅತ್ತೆ ಬಹಳ ಹೊತ್ತು ನೋಡುತ್ತಿದ್ದು, ಸಣ್ಣ ದನಿಯಲ್ಲಿ ಕೇಳಿದರು:

"ಒಮ್ಮಿ ನನ್ನ ಕೈಯಾಗ ಕೊಡವಾ ಅದನ್ನ."

"ನಿಮಗ್ಯಾಕ್ರೀ ಮೀಟರು? ನಿಮ್ಮ ಮೂಗ ಸಾಕಲ್ಲ!"

"ನೆಗಡಿ ಆದ್ರ ಮೂಗ ಸುಳ್ಳ ಹೇಳತೈತಿ. ಮೂರನೇತ್ತಾ ಮುಗಿಸಿ ಸಾಲಿ ಬಿಟ್ಟಾಕಿ ನಾನು. ನೀ ಅಳದು ಬರೆಯೂದ ನೋಡಿ ದಿನಾ ಹೊಟ್ಟಿ ಉರೀತಿತ್ತವಾ ನಂಗ."

ಹೊಟ್ಟೆಕಿಚ್ಚು, ಅದೂ ನನ್ನನ್ನು ನೋಡಿ! ನಾನು ಮೀಟರನ್ನು ಕೈಗಿಟ್ಟೆ. ಹಸುಗೂಸಿನಂತೆ ಹಿಡಿದು ನೀರಿಗೆ ಇಳಿಸಿದರು. ಅಂಕಿಗಳನ್ನು ಒಂದೊಂದಾಗಿ ಓದಿದರು. ಅಳೆದವರು ಎಂಬ ಮನೆಯಲ್ಲಿ, ಗೆರೆ ದಾಟದಂತೆ, ಕನ್ನಡದಲ್ಲಿ ತಮ್ಮ ಹೆಸರು ಬರೆದರು.

"ಮುಂದ ಏನರ ಹಚ್ಚಬೇಕೇನ? ನೀ ಎಂ.ಟೆಕ್. ಹಚ್ಚತೀಯಲ್ಲ, ಹಂಗ."

ನಾನು ಪೆನ್ನಿನ ಮುಚ್ಚಳ ಹಾಕಿ, ಮಸಿ ಒಣಗಲೆಂದು ಪುಟವನ್ನು ತೆರೆದೇ ಇಟ್ಟೆ.

ಮರುದಿನ ಆ ಪುಟವನ್ನು ಹಾಗೆಯೇ ವರದಿಯ ಮೇಲೆ ಇಟ್ಟು ಕಳಿಸಿದೆ. ಮಧ್ಯಾಹ್ನ ಮ್ಯಾನೇಜರ ಫೋನು ಬಂತು. "ಇದು ಯಾವ ಲಿಪಿ? ಯಾರ ಹೆಸರು ಇದು?"

"ನಮ್ಮ ಅತ್ತೆಯದು ಸಾರ್," ಎಂದೆ. "ನಿನ್ನೆ ಕೇಳಿದಿರಲ್ಲ, ಆ ಕೆಸರಿನ ಹೆಪ್ಪು ಹಾಕಿದವರು ಅವರು."